ಎಣ್ಣೆ ಊರಿನವನ ಹೊಗೆ ಪುರಾಣ

ಚಳ್ಳಕೆರೆ ಕಡೆಯವನು ಅಂದ ತಕ್ಷಣ ಬೆಂಗಳೂರಿನ ಆಫೀಸುಗಳಲ್ಲಿ ಎರಡು ಥರದ ಪ್ರತಿಕ್ರಿಯೆ ಬರುತ್ತೆ. ಮೊದಲನೆಯದು, "ಅದು ಆಂಧ್ರದಲ್ಲಿ ಬರುತ್ತಾ?" ಎರಡನೆಯದು ಸ್ವಲ್ಪ ತಿಳಿದವರದು. "ಓಹೋ, ಎಣ್ಣೆ ಊರು!" ಅಂತ ಕಣ್ಣು ಹೊಡೆಯುತ್ತಾರೆ. ಚಳ್ಳಕೆರೆಗೆ ಆಯಿಲ್ ಸಿಟಿ ಅಂತ ಹೆಸರು ಬಂದಿದ್ದು ಶೇಂಗಾ ಎಣ್ಣೆ ಮಿಲ್ಲುಗಳಿಂದ ಕಣ್ರಪ್ಪ, ನೀವಂದುಕೊಂಡ ಎಣ್ಣೆಯಿಂದ ಅಲ್ಲ ಅಂತ ಕೆಲಸಕ್ಕೆ ಸೇರಿದಾಗಿನಿಂದ ವಿವರಿಸುತ್ತಾ ಬಂದಿದ್ದೇನೆ. ಯಾರೂ ಕೇಳಿಸಿಕೊಂಡಿಲ್ಲ. ಈಗ ನಾನು ಬರೆಯಲು ಕೂತಿರುವುದೂ ಆ ಎರಡನೇ ಎಣ್ಣೆಯ ಬಗ್ಗೆಯೇ ಆದ್ದರಿಂದ ಇನ್ನು ಮುಂದೆ ವಿವರಿಸುವ ನೈತಿಕ ಹಕ್ಕೂ ಹೋಯಿತು ಅಂದುಕೊಳ್ಳಿ.

ನಮ್ಮೂರು ಕುದಾಪುರ. ಚಳ್ಳಕೆರೆಯಿಂದ ನಾಯಕನಹಟ್ಟಿ ಕಡೆ ಹೋಗುವಾಗ ಸಿಗುತ್ತೆ. ಈಗ ಕುದಾಪುರ ಅಂದರೆ ಕೆಲವರಿಗೆ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ನೆನಪಾಗುತ್ತೆ. 2023ರ ಏಪ್ರಿಲ್ 2ರಂದು ಇಸ್ರೋದವರು ಹೆಲಿಕಾಪ್ಟರಿನಿಂದ ಪುಟ್ಟ ಪುಷ್ಪಕ ವಿಮಾನವನ್ನು ಕೆಳಗೆ ಬಿಟ್ಟು, ಅದು ತಾನಾಗಿಯೇ ಬಂದು ರನ್‌ವೇ ಮೇಲೆ ಇಳಿಯಿತಲ್ಲ, ಅದೂ ನಮ್ಮ ಸೀಮೆಯಲ್ಲೇ. ಆದರೆ ನಾನು ಹುಟ್ಟಿ ಬೆಳೆದಾಗ ಅಲ್ಲಿ ಇದ್ದದ್ದು ಕಾವಲು, ಕುರಿ, ಶೇಂಗಾ, ಬಳ್ಳಾರಿ ಜಾಲಿ ಮತ್ತು ಹೊಗೆ. ಈ ಪುರಾಣ ಆ ಕೊನೆಯದರ ಬಗ್ಗೆ.

ಬಾಟಲಿಯ ಹೆಸರು ದಿ ಪೀಟ್ ಮಾನ್‌ಸ್ಟರ್. ಕಂಪನಿ ಕಾಂಪಸ್ ಬಾಕ್ಸ್. ಆನ್‌ಸೈಟ್ ಅಂತ ಮೂರು ತಿಂಗಳು ಎಡಿನ್‌ಬರಾದಲ್ಲಿದ್ದಾಗ ಒಂದು ಅಂಗಡಿಯಲ್ಲಿ ಕೊಂಡದ್ದು. ಐವತ್ತು ಪೌಂಡಿನ ಹತ್ತಿರ ಕೊಟ್ಟೆ. ಅದಕ್ಕೆ ಮುಂಚೆ ನನ್ನ ವಿಸ್ಕಿ ಜ್ಞಾನ ಅಂದರೆ ಟೀಮ್ ಔಟಿಂಗಿನಲ್ಲಿ ಕೋಲಾ ಬೆರೆಸಿ ಕುಡಿದದ್ದು ಅಷ್ಟೇ. ಅಂಗಡಿಯ ಹುಡುಗ ಸ್ಯಾಂಪಲ್ ಅಂತ ಒಂದು ಗುಟುಕು ಕೊಟ್ಟ. ಜೊತೆಗಿದ್ದ ಪುಣೆಯ ಸಹೋದ್ಯೋಗಿ ಮೂಸಿ, "ಇದೇನು ಡೆಟಾಲಾ?" ಅಂತ ಗ್ಲಾಸು ಕೆಳಗಿಟ್ಟ. ನಿಜ, ಮೊದಲ ಸಲಕ್ಕೆ ಆಸ್ಪತ್ರೆಯ ವಾಸನೆಯೇ. ಟೇಸ್ಟಿಂಗ್ ನೋಟ್ಸ್ ಬರೆಯುವ ಪಂಡಿತರು ಇಂಥ ವಿಸ್ಕಿಗಳಿಗೆ ಅಯೋಡಿನ್, ಬ್ಯಾಂಡೇಜ್, ಸಮುದ್ರದ ಪಾಚಿ, ಶಿಬಿರಾಗ್ನಿ ಅಂತೆಲ್ಲ ಬರೆಯುತ್ತಾರೆ. ನಾನು ಸಮುದ್ರ ನೋಡಿದ್ದೇ ಎಂಜಿನಿಯರಿಂಗ್ ಮೂರನೇ ವರ್ಷದ ಟೂರಿನಲ್ಲಿ. ನನಗೆ ಪಾಚಿ ಸಿಗಲಿಲ್ಲ. ಸಿಕ್ಕಿದ್ದು ಸುಟ್ಟ ಕೊಬ್ಬರಿ.

ನಾಯಕನಹಟ್ಟಿ ಜಾತ್ರೆಗೆ ಹೋದವರಿಗೆ ಇದು ಅರ್ಥವಾಗುತ್ತೆ. ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತವರು ಒಣ ಕೊಬ್ಬರಿ ತಂದು ಬೆಂಕಿಗೆ ಹಾಕಿ ಸುಡುತ್ತಾರೆ. ಸಾವಿರಾರು ಜನ ಒಂದೇ ದಿನ ಸುಡುವ ಕೊಬ್ಬರಿ. ಆ ಹೊಗೆ ಕಟ್ಟಿಗೆ ಹೊಗೆಯ ಹಾಗೆ ಒಣ ಹೊಗೆ ಅಲ್ಲ. ಎಣ್ಣೆ ಎಣ್ಣೆಯಾಗಿ, ಸ್ವಲ್ಪ ಸಿಹಿಯಾಗಿ, ದಪ್ಪಗೆ ಬಂದು ಅಂಗಿಗೆ ಅಂಟಿಕೊಳ್ಳುತ್ತೆ. ಮನೆಗೆ ಬಂದು ಎರಡು ಸಲ ಒಗೆದರೂ ಹೋಗಲ್ಲ. ಎಡಿನ್‌ಬರಾದ ಅಂಗಡಿಯಲ್ಲಿ, ಹೊರಗೆ ಜಿನುಗು ಮಳೆ ಬರುತ್ತಿರುವಾಗ, ನನ್ನ ಮೂಗಿಗೆ ಬಂದಿದ್ದು ಆ ಫಾಲ್ಗುಣದ ಮಧ್ಯಾಹ್ನ. ಅದರ ಹಿಂದೆಯೇ ಮಳೆಯಲ್ಲಿ ನೆಂದ ಕಂಬಳಿ. ಅದರ ಹಿಂದೆ ಹೊಲದಲ್ಲೇ ಬಳ್ಳಿ ಸಮೇತ ಸುಟ್ಟ ಹಸಿ ಶೇಂಗಾ. ಆಮೇಲೆ ಬೆರಣಿ. ಬಾಟಲಿ ಕೊಳ್ಳದೆ ಬರಲು ಆಗಲಿಲ್ಲ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಬೋರ್ ಅನ್ನಿಸಿದರೆ ಹಾರಿಸಿ ಓದಿ, ಆದರೆ ಹಾರಿಸಬೇಡಿ ಅನ್ನುವುದೇ ನನ್ನ ಆಸೆ. ಬೆಂಗಳೂರಿನಲ್ಲಿ ಎರಡು ಸಲ ವಿಸ್ಕಿ ಟೇಸ್ಟಿಂಗಿಗೆ ಹೋಗಿ ಬಂದವರೆಲ್ಲ "ನಾನು ಸಿಂಗಲ್ ಮಾಲ್ಟ್ ಮಾತ್ರ ಕುಡಿಯೋದು, ಬ್ಲೆಂಡೆಡ್ ಮುಟ್ಟಲ್ಲ" ಅಂತ ಶುರು ಮಾಡುತ್ತಾರೆ. ಪೀಟ್ ಮಾನ್‌ಸ್ಟರ್ ಲೇಬಲ್ಲಿನ ಮೇಲೆ ಬ್ಲೆಂಡೆಡ್ ಮಾಲ್ಟ್ ಅಂತಿದೆ. ಅದನ್ನು ನೋಡಿ ನಮ್ಮ ಟೀಮಿನ ಒಬ್ಬ ಮೂಗು ಮುರಿದ. ವಿಷಯ ಏನೆಂದರೆ ಬ್ಲೆಂಡೆಡ್ ಸ್ಕಾಚ್ ಬೇರೆ, ಬ್ಲೆಂಡೆಡ್ ಮಾಲ್ಟ್ ಬೇರೆ. ಮೊದಲನೆಯದರಲ್ಲಿ ಮಾಲ್ಟ್ ಜೊತೆಗೆ ಗೋಧಿ, ಜೋಳದಂಥ ಧಾನ್ಯದಿಂದ ಮಾಡಿದ ಗ್ರೇನ್ ವಿಸ್ಕಿ ಬೆರೆತಿರುತ್ತೆ. ಎರಡನೆಯದರಲ್ಲಿ ಗ್ರೇನ್ ಇಲ್ಲವೇ ಇಲ್ಲ. ಪೂರ್ತಿ ಮೊಳಕೆ ಬಾರ್ಲಿಯದೇ, ಆದರೆ ಒಂದಕ್ಕಿಂತ ಹೆಚ್ಚು ಡಿಸ್ಟಿಲರಿಗಳದು. ಸಿಂಗಲ್ ಮಾಲ್ಟ್ ಅನ್ನುವಾಗ ಆ ಸಿಂಗಲ್ ಡಿಸ್ಟಿಲರಿಗೆ ಅನ್ವಯ, ಪೀಪಾಯಿಗೆ ಅಲ್ಲ. ಒಂದೇ ಡಿಸ್ಟಿಲರಿಯ ನೂರು ಪೀಪಾಯಿ ಬೆರೆಸಿದರೂ ಅದು ಸಿಂಗಲ್ಲೇ. ಸಿಂಗಲ್ ಅಂದರೆ ಒಂಟಿ ಬ್ರಹ್ಮಚಾರಿ ಅಂತ ತಿಳಿದುಕೊಂಡವರಿಗೆ ಈ ಮಾತು ಸ್ವಲ್ಪ ನೋವು ಕೊಡುತ್ತೆ.

ಹಿಂದೆ ಇದನ್ನು ವ್ಯಾಟೆಡ್ ಮಾಲ್ಟ್, ಪ್ಯೂರ್ ಮಾಲ್ಟ್ ಅಂತೆಲ್ಲ ಕರೆಯುತ್ತಿದ್ದರು. 2003ರಲ್ಲಿ ಡಿಯಾಜಿಯೋ ಕಂಪನಿ ತನ್ನ ಕಾರ್ಡು ಸಿಂಗಲ್ ಮಾಲ್ಟಿಗೆ ಬೇಡಿಕೆ ಜಾಸ್ತಿಯಾಗಿ ದಾಸ್ತಾನು ಸಾಲದೆ, ಬೇರೆ ಡಿಸ್ಟಿಲರಿಯ ಮಾಲ್ಟ್ ಬೆರೆಸಿ, ಬಾಟಲಿ ಹೆಚ್ಚು ಕಮ್ಮಿ ಹಾಗೇ ಇಟ್ಟು ಸಿಂಗಲ್ ಅನ್ನುವ ಕಡೆ ಪ್ಯೂರ್ ಅಂತ ಬರೆದು ಮಾರಿತು. ದೊಡ್ಡ ಗಲಾಟೆಯಾಗಿ ವಾಪಸ್ ತೆಗೆದುಕೊಳ್ಳಬೇಕಾಯಿತು. ಆಮೇಲೆ 2009ರ ಸ್ಕಾಚ್ ವಿಸ್ಕಿ ನಿಯಮಗಳಲ್ಲಿ ಐದು ವರ್ಗ ಮಾಡಿ, ಬ್ಲೆಂಡೆಡ್ ಮಾಲ್ಟ್ ಅನ್ನುವ ಹೆಸರನ್ನು ಕಾನೂನಿನಲ್ಲೇ ಕಟ್ಟಿಹಾಕಿದರು. ನನ್ನ ಅಭಿಪ್ರಾಯ ಕೇಳಿದರೆ, ನೇಮಿಂಗ್ ಕನ್ವೆನ್ಷನ್ ಮಾಡುವ ಕಮಿಟಿಗಳು ಸಾಫ್ಟ್‌ವೇರಿನಲ್ಲಾಗಲಿ ಸಾರಾಯಿಯಲ್ಲಾಗಲಿ ಒಂದೇ ಥರ ಕೆಲಸ ಮಾಡುತ್ತವೆ. ಗೊಂದಲ ತೆಗೆಯಲು ಹೋಗಿ ಬ್ಲೆಂಡೆಡ್ ಅನ್ನುವ ಪದವನ್ನು ಎರಡು ಕಡೆ ಇಟ್ಟು ಕೈ ತೊಳೆದುಕೊಂಡರು.

ಕಾಂಪಸ್ ಬಾಕ್ಸ್ ಶುರು ಮಾಡಿದ ಜಾನ್ ಗ್ಲೇಸರ್ ಅಮೆರಿಕದವರು. ಜಾನಿ ವಾಕರ್‌ನಲ್ಲಿ ಮಾರ್ಕೆಟಿಂಗ್ ಮಾಡುತ್ತಿದ್ದವರು ಅದನ್ನು ಬಿಟ್ಟು 2000ದಲ್ಲಿ ಸ್ವಂತದ್ದು ಶುರು ಮಾಡಿದರು. ಸ್ವಂತ ಡಿಸ್ಟಿಲರಿ ಇಲ್ಲ. ಬೇರೆಯವರ ಪೀಪಾಯಿ ಕೊಂಡು ಬೆರೆಸುವುದು. ಪೀಟ್ ಮಾನ್‌ಸ್ಟರ್‌ನಲ್ಲಿ ಐಲಾ ದ್ವೀಪದ ಕೌಲ್ ಈಲಾ, ಲಫ್ರೋಯ್ಗ್, ಮಲ್ ದ್ವೀಪದ ಲೆಡೇಗ್, ಒಳನಾಡಿನ ಆರ್ಡ್‌ಮೋರ್ ಇಂಥವನ್ನು ಬೆರೆಸುತ್ತಾ ಬಂದಿದ್ದಾರೆ. ಶೇಕಡ 46 ಆಲ್ಕೋಹಾಲು. ಇವರದೇ ಸ್ಪೈಸ್ ಟ್ರೀ ಅನ್ನುವ ಇನ್ನೊಂದು ಬ್ಲೆಂಡೆಡ್ ಮಾಲ್ಟ್ ಇದೆ. 2005ರಲ್ಲಿ ಅದನ್ನು ಮಾಡುವಾಗ ಪೀಪಾಯಿಯೊಳಗೆ ಫ್ರೆಂಚ್ ಓಕ್ ಹಲಗೆಗಳನ್ನು ಇಟ್ಟರು, ರುಚಿ ಬರಲಿ ಅಂತ. ಸ್ಕಾಚ್ ವಿಸ್ಕಿ ಅಸೋಸಿಯೇಷನ್ನಿನವರು ಇದು ಸಂಪ್ರದಾಯಕ್ಕೆ ವಿರುದ್ಧ ಅಂತ ತಕರಾರು ತೆಗೆದು ನಿಲ್ಲಿಸಿದರು. 2009ರಲ್ಲಿ ಗ್ಲೇಸರ್ ಅದೇ ಓಕ್ ಮರವನ್ನು ಹಲಗೆಯಾಗಿ ಒಳಗಿಡುವ ಬದಲು ಪೀಪಾಯಿಯ ಎರಡು ತುದಿಯ ಮುಚ್ಚಳವಾಗಿ ಹಾಕಿ ಮತ್ತೆ ಬಿಟ್ಟರು. ಈಗ ಅದು ಪೀಪಾಯಿಯ ಭಾಗ, ಯಾರೂ ಏನೂ ಅನ್ನುವ ಹಾಗಿಲ್ಲ. ಪ್ರೊಡಕ್ಷನ್ನಿನಲ್ಲಿ ಫೀಚರ್ ಬ್ಲಾಕ್ ಆದಾಗ ವರ್ಕ್‌ಅರೌಂಡ್ ಹುಡುಕುವ ನಮ್ಮಂಥವರಿಗೆ ಈ ಮನುಷ್ಯನ ಮೇಲೆ ಪ್ರೀತಿ ಬರದೆ ಇರುತ್ತಾ?

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಈ ಹೊಗೆ ಯಾಕೆ ಅನ್ನುವ ಪ್ರಶ್ನೆ.

ವಿಸ್ಕಿ ಮಾಡಲು ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸುತ್ತಾರೆ, ನಮ್ಮಲ್ಲಿ ರಾಗಿ ಮೊಳಕೆ ಕಟ್ಟುವ ಹಾಗೆ. ಮೊಳಕೆ ಒಂದು ಹದಕ್ಕೆ ಬಂದ ಮೇಲೆ ಅದನ್ನು ಒಣಗಿಸಿ ನಿಲ್ಲಿಸಬೇಕು. ನಮ್ಮೂರಾದರೆ ಅಂಗಳದಲ್ಲಿ ಹರವಿದರೆ ಮಧ್ಯಾಹ್ನದೊಳಗೆ ಗರಿಗರಿ. ಸ್ಕಾಟ್‌ಲೆಂಡಿನಲ್ಲಿ ಬಿಸಿಲು ಎಲ್ಲಿಂದ ತರುವುದು? ಬೆಂಕಿ ಹಾಕಿಯೇ ಒಣಗಿಸಬೇಕು. ಬೆಂಕಿಗೆ ಉರುವಲು ಬೇಕು. ಐಲಾದಂಥ ದ್ವೀಪಗಳಲ್ಲಿ ಮರಗಳು ಕಡಿಮೆ, ಜೋರು ಗಾಳಿ, ಬರೀ ಜೌಗು ನೆಲ. ಆ ಜೌಗಿನಲ್ಲಿ ಪಾಚಿ, ಹುಲ್ಲು, ಗಿಡಗಂಟಿ ಸಾವಿರಾರು ವರ್ಷದಿಂದ ಅರ್ಧಂಬರ್ಧ ಕೊಳೆತು ಕಪ್ಪು ಮಣ್ಣಿನ ಹಾಗೆ ಪದರ ಪದರವಾಗಿ ಕೂತಿರುತ್ತೆ. ಅದೇ ಪೀಟ್. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತೆ ಅಂತಾರೆ, ಅಂದರೆ ಒಂದು ಮೀಟರ್ ಆಳಕ್ಕೆ ಅಗೆದರೆ ಸಾವಿರ ವರ್ಷ ಹಿಂದಕ್ಕೆ ಹೋದ ಹಾಗೆ. ಅದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ, ಗಾಳಿಗೆ ಒಣಗಿಸಿ, ಒಟ್ಟಿ ಇಟ್ಟುಕೊಂಡು ಸುಡುತ್ತಾರೆ. ಉರಿ ಕಡಿಮೆ, ಹೊಗೆ ಜಾಸ್ತಿ. ಆ ಹೊಗೆಯ ಫೀನಾಲುಗಳು ಒದ್ದೆ ಮೊಳಕೆಗೆ ಅಂಟಿಕೊಂಡು, ಭಟ್ಟಿ ಇಳಿದು, ವರ್ಷಗಟ್ಟಲೆ ಪೀಪಾಯಿಯಲ್ಲಿ ಕೂತ ಮೇಲೂ ಹೋಗುವುದಿಲ್ಲ. ಇದನ್ನು ಪಿಪಿಎಂ ಲೆಕ್ಕದಲ್ಲಿ ಅಳೆಯುತ್ತಾರೆ. ಈಗಂತೂ ಯಾರದು ಎಷ್ಟು ಪಿಪಿಎಂ ಅನ್ನುವುದೇ ಒಂದು ಪೈಪೋಟಿ.

ಒಳನಾಡಿಗೆ ರೈಲು ಬಂತು, ರೈಲಿನ ಜೊತೆ ಕಲ್ಲಿದ್ದಲು ಬಂತು, ಅಲ್ಲಿನ ಡಿಸ್ಟಿಲರಿಗಳು ಹೊಗೆ ಕಡಿಮೆ ಮಾಡಿಕೊಂಡವು. ದ್ವೀಪಕ್ಕೆ ರೈಲು ಹೋಗಲಿಲ್ಲ. ಕಾಲ ಬುಡದಲ್ಲಿ ಪುಕ್ಕಟೆ ಪೀಟ್ ಇರುವಾಗ ದುಡ್ಡು ಕೊಟ್ಟು ಇದ್ದಲು ತರಿಸುವವರು ಯಾರು? ಅಂದರೆ ಇವತ್ತು ನಾವು ಇಂದಿರಾನಗರದಲ್ಲಿ ಕಣ್ಣು ಮುಚ್ಚಿ ಆಘ್ರಾಣಿಸಿ "ಕಾಂಪ್ಲೆಕ್ಸ್" ಅನ್ನುವ ಈ ರುಚಿ, ಬೇರೆ ಉರುವಲಿಗೆ ಗತಿಯಿಲ್ಲದವರ ಒಲೆಯ ರುಚಿ.

ಇದು ಗೊತ್ತಾದ ದಿನ ನಾನು ಸುಮ್ಮನೆ ಕೂತುಬಿಟ್ಟೆ. ಯಾಕೆಂದರೆ ಆ ಒಲೆ ನನಗೆ ಗೊತ್ತು.

ನಮ್ಮ ಸೀಮೆಯಲ್ಲೂ ಕಾಡಿಲ್ಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೇರುತ್ತವೆ. ಇದ್ದದ್ದು ಹುಲ್ಲುಗಾವಲು, ಅಮೃತ್ ಮಹಲ್ ಕಾವಲು. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳ ತಳಿ ಅದು. ಅವನ್ನು ಮೇಯಿಸಲು ಬಿಟ್ಟಿದ್ದ ನೆಲವೇ ಈ ಕಾವಲುಗಳು. ನಾನು ಚಿಕ್ಕವನಿದ್ದಾಗ ಊರಿನ ಹೆಂಗಸರು ಬೆಳಗ್ಗೆ ಮಂಕರಿ ಹೊತ್ತು ಕಾವಲಿಗೆ ಹೋಗಿ ಸಗಣಿ ಆರಿಸಿ ತರುತ್ತಿದ್ದರು. ಬೆರಣಿ ತಟ್ಟಿ ಗೋಡೆಗೆ ಬಡಿದು, ಒಣಗಿದ ಮೇಲೆ ಒಟ್ಟಿ ಇಡುವುದು. ಅದರ ಜೊತೆಗೆ ತೊಗರಿ ಕಡ್ಡಿ, ಶೇಂಗಾ ಹೊಟ್ಟು, ಮುಳ್ಳು ಚುಚ್ಚಿಸಿಕೊಂಡು ಕಡಿದು ತಂದ ಜಾಲಿ. ಅದೂ ಉರಿ ಕಡಿಮೆ, ಹೊಗೆ ಜಾಸ್ತಿ. ನಮ್ಮ ಅಡುಗೆಮನೆಗೆ ಒಂದು ಬೆಳಕಿಂಡಿ ಇತ್ತು. ಹೊಗೆ ಅದರಲ್ಲಿ ಹೋಗಬೇಕು ಅನ್ನುವುದು ಮನೆ ಕಟ್ಟಿದವನ ಲೆಕ್ಕ. ಹೊಗೆಗೆ ಆ ಲೆಕ್ಕ ಗೊತ್ತಿರಲಿಲ್ಲ. ಅದು ಮೊದಲು ಅವ್ವನ ಕಣ್ಣಿಗೆ, ಎದೆಗೆ ಹೋಗಿ, ಆಮೇಲೆ ಜಂತೆಯಲ್ಲಿ ಇಲ್ಲಣವಾಗಿ ಜೋತು, ಉಳಿದಿದ್ದು ಹೊರಗೆ ಹೋಗುತ್ತಿತ್ತು. ಊದುಗೊಳವೆ ಹಿಡಿದು ಬಗ್ಗಿದ ಅವ್ವನ ಮುಖ ನನಗೆ ನೆನಪಿರುವುದೇ ಮಸುಕು ಮಸುಕಾಗಿ, ನಡುವೆ ಹೊಗೆ ಇಟ್ಟುಕೊಂಡೇ.

2010ರ ಆಸುಪಾಸಿನಲ್ಲಿ ಕಾವಲಿನ ಸಾವಿರಾರು ಎಕರೆಗೆ ಒಂದೊಂದಾಗಿ ಗೋಡೆ ಎದ್ದವು. ದನ ಕುರಿ ಮೇಯಿಸುವವರಿಗೆ ನೆಲ ಕಡಿಮೆಯಾಯಿತು, ದನ ಕಡಿಮೆಯಾದವು, ಸಗಣಿ ಕಡಿಮೆಯಾಯಿತು. ಬೆರಣಿಯ ಜಾಗಕ್ಕೆ ಬರೀ ಜಾಲಿ ಬಂತು. ಕೆಲವು ವರ್ಷಕ್ಕೆ ಗ್ಯಾಸೂ ಬಂತು. ನಾನೇ ಮೊದಲ ಸಂಬಳದ ವರ್ಷ ಒಲೆ, ಸಿಲಿಂಡರು ಎಲ್ಲ ಜೋಡಿಸಿ ಕೊಟ್ಟೆ. ಅವ್ವ ಅದರಲ್ಲಿ ಕಾಫಿ ಕಾಯಿಸುತ್ತಾಳೆ. ಮುದ್ದೆ, ಸಾರು ಈಗಲೂ ಸೌದೆ ಒಲೆಯ ಮೇಲೇ. "ಗ್ಯಾಸಿನ ಮುದ್ದೆ ಬಾಯಿಗೆ ಹತ್ತಲ್ಲ ಕಣಪ್ಪ" ಅನ್ನುತ್ತಾಳೆ. ಪೀಟ್ ಹೊಗೆ ಇಲ್ಲದ ಸ್ಕಾಚ್ ಸಪ್ಪೆ ಅನ್ನುವ ಪಂಡಿತರಿಗೂ ಅವ್ವನಿಗೂ ಈ ವಿಷಯದಲ್ಲಿ ಪೂರ್ತಿ ಒಪ್ಪಂದ.

ಆರೇಳು ವರ್ಷದ ಹಿಂದೆ ಅವ್ವನಿಗೆ ಕೆಮ್ಮು ಹತ್ತಿತು. ತಿಂಗಳಾದರೂ ಬಿಡಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ನೋಡಿ, ಕೊಳವೆಯಲ್ಲಿ ಊದಿಸಿ, "ಎಷ್ಟು ವರ್ಷದಿಂದ ಬೀಡಿ ಸೇದ್ತೀರಮ್ಮ?" ಅಂತ ಕೇಳಿದರು. ಅವ್ವನಿಗೆ ನಗು ಬಂತು. ನಗುತ್ತಾ ಕೆಮ್ಮು ಬಂತು. ಬೀಡಿ ಸೇದುತ್ತಿದ್ದವನು ಅಪ್ಪ. ಅವ್ವ ಊದಿದ್ದು ಒಲೆ ಮಾತ್ರ, ನಲವತ್ತೈದು ವರ್ಷ. ಡಾಕ್ಟರು ಸಿಒಪಿಡಿ ಅಂತ ಬರೆದರು, ಇನ್‌ಹೇಲರ್ ಕೊಟ್ಟರು. ಹಳ್ಳಿಯ ಹೆಂಗಸರಲ್ಲಿ ಇದನ್ನು ದಿನಾ ನೋಡುತ್ತೇನೆ ಅಂದರು, ದನಿಯಲ್ಲಿ ಏರಿಳಿತವೇ ಇಲ್ಲದೆ.

ಅದಾದ ಮೇಲೆ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಅವ್ವ ಬೆಂಗಳೂರಿಗೆ ಬರುತ್ತಾಳೆ. ಹೊಗೆ ವಿಸ್ಕಿಯ ಒಂದು ಗುಣ ಕುಡಿದವರಿಗೆ ಗೊತ್ತಿರುತ್ತೆ: ರಾತ್ರಿ ಕುಡಿದಿಟ್ಟ ಖಾಲಿ ಗ್ಲಾಸು ಬೆಳಗ್ಗೆ ಇನ್ನೂ ಜೋರಾಗಿ ವಾಸನೆ ಬರುತ್ತೆ. ಆಲ್ಕೋಹಾಲು ಆರಿಹೋಗಿ ಬರೀ ಬೂದಿ, ಹೊಗೆ ಉಳಿದಿರುತ್ತೆ. ಹಾಗೆ ಸಿಂಕಿನ ಪಕ್ಕ ಉಳಿದಿದ್ದ ಗ್ಲಾಸನ್ನು ಅವ್ವ ಒಂದು ಬೆಳಗ್ಗೆ ನೀರು ಕುಡಿಯಲು ತಗೊಂಡಳು. ಮೂಸಿದಳು. ಇನ್ನೊಂದು ಸಲ ಮೂಸಿದಳು.

"ಏನ್ಲಾ ಇದು, ಒಲೆ ವಾಸ್ನೆ ಬತ್ತೈತೆ?"

"ವಿಸ್ಕಿ ಕಣವ್ವ."

ನಾನು ಕುಡಿಯುವುದು ಅವ್ವನಿಗೆ ಗೊತ್ತು. ನಮ್ಮಿಬ್ಬರ ನಡುವೆ ಆ ವಿಷಯ ಗೊತ್ತಿದ್ದೂ ಆಡದ ಮಾತು. ಆವತ್ತು ಬೈಗುಳ ಬರುತ್ತೆ ಅಂತ ಕಾದೆ. ಬರಲಿಲ್ಲ.

"ಎಣ್ಣೆಗೆ ಹೊಗೆ ಯಾಕೆ ಹಾಕ್ತಾರೆ?"

ದ್ವೀಪ, ಜೌಗು, ಮರ ಇಲ್ಲದ್ದು, ಮಣ್ಣಿನ ಬೆರಣಿ ಮಾಡಿ ಸುಡುವುದು, ಎಲ್ಲ ಹೇಳಿದೆ. ಮೊಬೈಲಿನಲ್ಲಿ ಪೀಟ್ ಒಟ್ಟಿದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದಳು. ಒಟ್ಟಿದ ರೀತಿ ಥೇಟ್ ನಮ್ಮ ಹಿತ್ತಿಲಿನದೇ.

"ಅವ್ರಿಗೂ ಸೌದೆ ಇಲ್ವೇನೋ, ಪಾಪ" ಅಂದಳು.

ನಾನು ಓದಿದ ಎಷ್ಟೋ ಪುಟಗಳ ಸಾರಾಂಶ ಅವಳಿಗೆ ಒಂದು ಫೋಟೋದಲ್ಲಿ ಸಿಕ್ಕಿತ್ತು. ಆಮೇಲೆ ಗ್ಲಾಸನ್ನು ಸೋಪು ಹಾಕಿ ಮೂರು ಸಲ ತೊಳೆದಳು, ಬೇರೆ ಲೋಟದಲ್ಲಿ ನೀರು ಕುಡಿದಳು.

ಇಷ್ಟು ದೂರದ ಹೊಗೆಯ ಬಗ್ಗೆ ಹೇಳಿ ಹತ್ತಿರದ್ದನ್ನು ಬಿಟ್ಟರೆ ತಪ್ಪಾಗುತ್ತೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರಿ ಇದೆ. ಜಗದಾಳೆ ಕುಟುಂಬ 1948ರಲ್ಲಿ ಶುರು ಮಾಡಿದ ಕಂಪನಿ. 2004ರ ಆಗಸ್ಟಿನಲ್ಲಿ ತಮ್ಮ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ. ಮಾವನ ಮನೆಗೇ ಹೋಗಿ ಮಾವಿನ ಹಣ್ಣು ಮಾರುವ ಧೈರ್ಯ. ಅವರ ಫ್ಯೂಷನ್ ಅನ್ನುವ ವಿಸ್ಕಿಯಲ್ಲಿ ನಮ್ಮ ದೇಶದ ಬಾರ್ಲಿ ಜೊತೆಗೆ ಸ್ಕಾಟ್‌ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಬಾರ್ಲಿ ಸೇರುತ್ತೆ. ಎರಡು ದೇಶದ ಕಾಳು, ಆದರೆ ಒಂದೇ ಡಿಸ್ಟಿಲರಿ, ಆದ್ದರಿಂದ ಕಾನೂನಿಗೆ ಅದು ಸಿಂಗಲ್ಲೇ. ಜಿಮ್ ಮರ್ರೆಯ 2010ರ ವಿಸ್ಕಿ ಬೈಬಲ್‌ನಲ್ಲಿ ಅದಕ್ಕೆ ಜಗತ್ತಿನ ಮೂರನೇ ಸ್ಥಾನ ಸಿಕ್ಕ ಮೇಲೆ ಬೆಂಗಳೂರಿಗರಿಗೂ ಅದು ರುಚಿ ಅನ್ನಿಸತೊಡಗಿತು. ನನಗೆ ಅದರಲ್ಲಿ ಇಷ್ಟವಾದದ್ದು ಆವಿಯ ಲೆಕ್ಕ. ಪೀಪಾಯಿಯಿಂದ ಪ್ರತಿವರ್ಷ ಸ್ವಲ್ಪ ಆವಿಯಾಗಿ ಹೋಗುತ್ತೆ, ಅದಕ್ಕೆ ಏಂಜಲ್ಸ್ ಶೇರ್, ದೇವತೆಗಳ ಪಾಲು ಅನ್ನುತ್ತಾರೆ. ಸ್ಕಾಟ್‌ಲೆಂಡಿನಲ್ಲಿ ಅದು ವರ್ಷಕ್ಕೆ ಶೇಕಡ 2ರ ಸುಮಾರು. ಬೆಂಗಳೂರಿನ ಬಿಸಿಗೆ ಶೇಕಡ 10ಕ್ಕೂ ಮೇಲೆ. ನಮ್ಮ ದೇವತೆಗಳು ಸ್ವಲ್ಪ ಜಾಸ್ತಿಯೇ ಕುಡಿಯುತ್ತಾರೆ.

ದೇವತೆಗಳಷ್ಟೇ ಅಲ್ಲ, ಪಿತೃಗಳೂ.

ಅಪ್ಪ ಸಾರಾಯಿ ಕುಡಿಯುತ್ತಿದ್ದ. ಪ್ಲಾಸ್ಟಿಕ್ ಪಾಕೆಟ್ಟಿನಲ್ಲಿ ಬರುತ್ತಿತ್ತಲ್ಲ, ಅದು. ಹಲ್ಲಿನಿಂದ ತುದಿ ಕಚ್ಚಿ ಹರಿದು, ತಲೆ ಮೇಲೆತ್ತಿ ಒಂದೇ ಸಲಕ್ಕೆ. ಮೂಸುವುದಿರಲಿ, ನಾಲಿಗೆಗೆ ತಾಗದ ಹಾಗೆ ಗಂಟಲಿಗೆ ಬಿಡುವುದೇ ಅದನ್ನು ಕುಡಿಯುವ ಕ್ರಮ. ಕುಡಿದ ಮೇಲೆ ಮುಖ ಕಿವುಚಿ, ಉಪ್ಪೋ ಉಪ್ಪಿನಕಾಯೋ ನೆಕ್ಕುತ್ತಿದ್ದ. ಅದರಲ್ಲಿ ರುಚಿ ಅನ್ನುವ ಮಾತೇ ಇರಲಿಲ್ಲ. ಹೊಡೆಯುತ್ತಿದ್ದನಾ ಅಂತ ಕೇಳಿದರೆ, ಇಲ್ಲ. ಮಲಗುತ್ತಿದ್ದ. ಶೇಂಗಾ ಕೀಳುವ ಕಾಲದಲ್ಲೂ ಮಲಗುತ್ತಿದ್ದ, ಕೂಲಿಗೆ ದುಡ್ಡು ಕೊಡಬೇಕಾದ ಶನಿವಾರವೂ ಮಲಗುತ್ತಿದ್ದ. ಅವ್ವ ಎರಡು ಆಳಿನ ಕೆಲಸ ಮಾಡಿ ಬಂದು ಒಲೆ ಹಚ್ಚುತ್ತಿದ್ದಳು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಆಗ ನಾನು ಬಿಇ ಮೊದಲ ವರ್ಷ ಮುಗಿಸಿದ್ದೆ. ಹಾಸ್ಟೆಲಿನ ಫೋನಿಗೆ ಅವ್ವ ಫೋನ್ ಮಾಡಿಸಿ, "ಇನ್ನು ಸಿಗಲ್ವಂತೆ ಕಣಪ್ಪ" ಅಂದಾಗ ಆ ದನಿಯಲ್ಲಿದ್ದ ಖುಷಿ ನನಗೆ ಕ್ಯಾಂಪಸ್ ಸೆಲೆಕ್ಷನ್ ಆದಾಗಲೂ ಕೇಳಲಿಲ್ಲ. ಸಾರಾಯಿ ಸಿಗಲಿಲ್ಲ, ಸರಿ. ಅದರ ಎರಡರಷ್ಟೋ ಮೂರರಷ್ಟೋ ಬೆಲೆಗೆ ಸಣ್ಣ ಬಾಟಲಿಯ ವಿಸ್ಕಿ ಸಿಕ್ಕಿತು. ನಮ್ಮ ದೇಶದ ಅಗ್ಗದ ವಿಸ್ಕಿ ಬಹುಪಾಲು ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿಗೆ ಬಣ್ಣ, ವಾಸನೆ ಸೇರಿಸಿದ್ದು. ಯುರೋಪಿನಲ್ಲಿ ಅದನ್ನು ವಿಸ್ಕಿ ಅಂತ ಕರೆಯಲು ಕಾನೂನು ಬಿಡುವುದಿಲ್ಲ. ಅಪ್ಪ ಹೆಸರು ನೋಡಿ ಕುಡಿದವನಲ್ಲ. 2011ರಲ್ಲಿ ಲಿವರ್ ಕೈಕೊಟ್ಟು ಹೋದ. ಐವತ್ತಾರು ವರ್ಷ.

ಹಾಗಾಗಿ ಯಾರಾದರೂ ಗೆಳೆಯರು ಗ್ಲಾಸು ತಿರುಗಿಸುತ್ತಾ "ಇದು ಕುಡಿತ ಅಲ್ಲಪ್ಪ, ಅಪ್ರಿಸಿಯೇಷನ್" ಅಂದಾಗ ನನಗೆ ಒಂದು ಕ್ಷಣ ಮೈ ಉರಿಯುತ್ತೆ. ಲಿವರಿಗೆ ಪಿಪಿಎಂ ಗೊತ್ತಾಗಲ್ಲ. ಹಾಗಂತ ನಾನು ಬಿಟ್ಟಿದ್ದೀನಾ? ಇಲ್ಲ. ವಾರಕ್ಕೆ ಒಂದು ದಿನ, ಎರಡು ಅಳತೆ. ಅಳತೆ ಮಾಡಿಯೇ ಹಾಕಿಕೊಳ್ಳುತ್ತೇನೆ, ಆ ಅಳತೆಯ ಲೋಟವನ್ನು ಹೆಂಡತಿ ನಗುತ್ತಾಳೆ ಅಂತಲೂ ಬಿಟ್ಟಿಲ್ಲ. ನಾಲಿಗೆಗೆ ತಾಗದ ಹಾಗೆ ಕುಡಿದವನ ಮಗ ನಾಲಿಗೆಯ ಮೇಲೆ ಇಟ್ಟುಕೊಂಡು ಕೂರುತ್ತೇನೆ. ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ.

ಕಳೆದ ವರ್ಷ ಪಕ್ಷದ ಹಬ್ಬಕ್ಕೆ ಊರಿಗೆ ಹೋದೆ. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಸತ್ತವರಿಗೆ ಏನು ಇಷ್ಟವೋ ಅದನ್ನೆಲ್ಲ ಇಡುತ್ತಾರೆ. ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಸಾರಾಯಿ ಈಗ ಸಿಗುವುದಿಲ್ಲವಲ್ಲ, ಅಣ್ಣ ಪ್ರತಿವರ್ಷ ತೊಂಬತ್ತು ಎಂಎಲ್‌ನ ಒಂದು ಟೆಟ್ರಾ ಪ್ಯಾಕ್ ತಂದು ಇಡುತ್ತಾನೆ. ನಾನು ಬ್ಯಾಗಿನಿಂದ ಪೀಟ್ ಮಾನ್‌ಸ್ಟರ್ ತೆಗೆದೆ. ಅಪ್ಪ ಬದುಕಿದ್ದಾಗ ಒಂದು ಸಲವೂ ಒಳ್ಳೆಯದು ಕುಡಿಯಲಿಲ್ಲ, ಇದೊಂದು ಸಲ ಅಂತ ನನ್ನ ತಲೆಯಲ್ಲಿ. ಒಂದು ಸ್ಟೀಲ್ ಲೋಟಕ್ಕೆ ಸ್ವಲ್ಪ ಬಗ್ಗಿಸಿ ಎಡೆಯ ಹತ್ತಿರ ತಂದೆ. ದೀಪದ ಬತ್ತಿ ಸರಿ ಮಾಡುತ್ತಿದ್ದ ಅವ್ವನಿಗೆ ವಾಸನೆ ಹೋಯಿತು.

"ಅದೇ ಒಲೆ ಎಣ್ಣೇನಾ?"

"ಹ್ಞೂ."

"ತಗಿ ಅದನ್ನ. ಹೊಗೆ ಕುಡ್ದಿದ್ದು ನಾನು ಕಣಪ್ಪ. ಅವನಿಗ್ಯಾಕೆ ಅದು?"

ದನಿ ಎತ್ತಲಿಲ್ಲ, ಸಿಟ್ಟೂ ಇರಲಿಲ್ಲ. ಉಪ್ಪು ಕಡಿಮೆಯಾಗಿದೆ ಅನ್ನುವ ಹಾಗೆ ಹೇಳಿ ಬತ್ತಿ ಮುಂದಕ್ಕೆ ತಳ್ಳಿದಳು. ಅಣ್ಣ ಟೆಟ್ರಾ ಪ್ಯಾಕಿನ ಮೂಲೆ ಕತ್ತರಿಸಿ ಎಡೆಯ ಮುಂದಿಟ್ಟ. ಅಪ್ಪನಿಗೆ ಅವನದ್ದೇ ಸಿಕ್ಕಿತು. ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬಂದು ಜಗಲಿಯ ಮೇಲೆ ಕೂತೆವು, ಹಿರಿಯರು ಉಣ್ಣುವಷ್ಟು ಹೊತ್ತು. ಲೋಟ ನನ್ನ ಕೈಯಲ್ಲೇ ಇತ್ತು. ಕುಡಿಯಲೂ ಆಗದೆ ಚೆಲ್ಲಲೂ ಆಗದೆ ಹಿಡಿದುಕೊಂಡೇ ಕೂತಿದ್ದೆ. ಅಣ್ಣ ನೋಡಿ ನೋಡಿ, ಕೈ ಚಾಚಿ ಇಸಕೊಂಡು ಒಂದು ಗುಟುಕು ಹಾಕಿದ. ಮುಖ ಕಿವುಚಿದ.

"ಥೂ, ಕಂಬಳಿ ನೆಕ್ಕಿದಂಗೈತೆ ಕಣ್ಲಾ. ಎಷ್ಟು ಇದುಕ್ಕೆ?"

"ಐದು ಸಾವಿರದ ಮೇಲೆ."

ಅವನು ಲೋಟದ ಕಡೆ, ಆಮೇಲೆ ದೊಡ್ಡಿಯ ಕಡೆ ನೋಡಿದ. "ಒಂದು ಮರಿ ಬರ್ತಿತ್ತು" ಅಂದ. ಅವ್ವ ಇನ್‌ಹೇಲರ್ ಹುಡುಕಲು ಒಳಗೆ ಎದ್ದು ಹೋದಳು.